ಅಂಗಳದ ಮಳೆಗೆ ಮನೆಯದೇ ಲೆಕ್ಕ

ಗುಂಡ್ಲುಪೇಟೆ ಸೀಮೆಯ ಬೇಸಿಗೆ ಮಳೆಗೆ ನೆರೆಹೊರೆಯ ದಾಕ್ಷಿಣ್ಯವಿಲ್ಲ. ಮಧ್ಯಾಹ್ನದವರೆಗೂ ಸುಡುಬಿಸಿಲು ಕಾಯ್ದು, ಮೂರು ಗಂಟೆಯ ಹೊತ್ತಿಗೆ ಮೋಡ ಕವಿದು, ಗುಡುಗು ಸಿಡಿಲಿನೊಡನೆ ಒಂದೂರಿನ ಹೊಲದಲ್ಲಿ ಸಾಲು ತುಂಬುವಂತೆ ಹೊಯ್ಯುವ ಮಳೆ ಎರಡು ಮೈಲಿ ಆಚೆಯ ಊರಿನಲ್ಲಿ ಧೂಳನ್ನೂ ಅಡಗಿಸದೆ ಹೋಗಿಬಿಡುತ್ತದೆ. ಹಂಗಳದ ಕಡೆ ಬಿತ್ತನೆಗೆ ಹದವಾಗಿದ್ದರೆ ತೆರಕಣಾಂಬಿಯ ಕಡೆ ನೇಗಿಲು ನೆಲಕ್ಕಿಳಿಯದ ಸ್ಥಿತಿ ಇರಬಹುದು. ಮರುವಾರ ಇದು ತಿರುವುಮುರುವಾಗಲೂಬಹುದು. ಪಶ್ಚಿಮಕ್ಕೆ ವಯನಾಡು, ದಕ್ಷಿಣಕ್ಕೆ ನೀಲಗಿರಿ. ಈ ಎತ್ತರಗಳು ಮುಂಗಾರು ಮಾರುತಗಳ ನೀರನ್ನು ಬಹುಮಟ್ಟಿಗೆ ತಾವೇ ಇಳಿಸಿಕೊಂಡು ಉಳಿದ ಗಾಳಿಯನ್ನು ನಮ್ಮತ್ತ ಕಳುಹಿಸುತ್ತವೆ. ಹೀಗಾಗಿ ಮಳೆನೆರಳಿನ ಈ ನಾಡಿನ ಬೇಸಾಯವು ಜೂನ್-ಜುಲೈಗಳಿಗಿಂತ ಮೇ ತಿಂಗಳ ಗುಡುಗುಮಳೆಯನ್ನೂ ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳ ಮಳೆಯನ್ನೂ ಹೆಚ್ಚು ನೆಚ್ಚಿದೆ. ಈ ಎರಡೂ ಕಾಲದ ಮಳೆ ತುಂಡುತುಂಡಾಗಿ ಬೀಳುವಂಥದು. ತಾಲ್ಲೂಕಿಗೆ ಸರಾಸರಿ ಇಷ್ಟು ಮಿಲಿಮೀಟರ್ ಎಂದು ಪತ್ರಿಕೆಯಲ್ಲಿ ಅಚ್ಚಾಗುವ ಸಂಖ್ಯೆ ಲೆಕ್ಕದಲ್ಲಿ ಸರಿಯಾಗಿದ್ದರೂ ಯಾರೊಬ್ಬರ ಹೊಲದ ಸಂಗತಿಯೂ ಆಗಿರುವುದಿಲ್ಲ.

ಆ ಸಂಖ್ಯೆಯ ಮೇಲೆ ಮಾತ್ರ ಬಹಳಷ್ಟು ನಿಂತಿದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಯಿತು. ಅಂತಹ ಘೋಷಣೆಗೆ ಮಳೆಯ ಕೊರತೆ ಎಷ್ಟು, ಸತತವಾಗಿ ಎಷ್ಟು ವಾರ ಮಳೆಯಿಲ್ಲ ಎಂಬುದೇ ಮೊದಲ ಅಳತೆಗೋಲು. ಹವಾಮಾನ ಆಧಾರಿತ ಬೆಳೆವಿಮೆಯಲ್ಲಂತೂ ಹೊಲಕ್ಕೆ ಬಂದು ಬೆಳೆ ನೋಡುವ ಪದ್ಧತಿಯೇ ಇಲ್ಲ. ಗೊತ್ತುಪಡಿಸಿದ ಮಾಪಕದ ಅಂಕಿಯೇ ಪರಿಹಾರವನ್ನು ನಿರ್ಧರಿಸುತ್ತದೆ. ಈ ವಿಷಯದಲ್ಲಿ ಕರ್ನಾಟಕ ಉಳಿದ ರಾಜ್ಯಗಳಿಗಿಂತ ಬಹಳ ಮುಂದಿದೆ ಎಂಬುದನ್ನು ಒಪ್ಪಲೇಬೇಕು. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ಈಗಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ದೂರಮಾಪನ ಮಳೆಮಾಪಕಗಳನ್ನು ನೆಟ್ಟಿದೆ. ಹದಿನೈದು ನಿಮಿಷಕ್ಕೊಮ್ಮೆ ಮಳೆಯ ಲೆಕ್ಕವನ್ನು ಬೆಂಗಳೂರಿಗೆ ಕಳುಹಿಸುವ ಈ ಏರ್ಪಾಡು ಸಣ್ಣದೇನಲ್ಲ. ಆದರೆ ಒಂದು ಪಂಚಾಯಿತಿಯಲ್ಲಿ ನಾಲ್ಕಾರು ಹಳ್ಳಿಗಳಿರುತ್ತವೆ, ಮಾಪಕ ಒಂದೇ ಇರುತ್ತದೆ. ನಮ್ಮ ಮಳೆಯ ತುಂಡು ಪಂಚಾಯಿತಿಗಿಂತಲೂ ಸಣ್ಣದು. ಇತ್ತ, ಕೃಷಿ ವಿಜ್ಞಾನ ಕೇಂದ್ರಗಳಲ್ಲಿದ್ದುಕೊಂಡು ರೈತರಿಗೆ ಹವಾಮಾನದ ಸಲಹೆ ನೀಡುತ್ತಿದ್ದ ದೇಶದ 199 ಜಿಲ್ಲಾ ಘಟಕಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಲಾಯಿತು. ಆಮೇಲೆ ಅವನ್ನು ಮತ್ತೆ ತೆರೆಯುವ ಮಾತೂ ಕೇಳಿಬಂದಿದೆ. ಮಾತು ಮಳೆಯಾಗುವವರೆಗೆ ರೈತನು ತನ್ನ ಮುಗಿಲನ್ನು ತಾನೇ ನೋಡಿಕೊಳ್ಳಬೇಕಾಗಿದೆ.

ಈ ಹಿನ್ನೆಲೆಯಲ್ಲಿ, ಒಂದು ಸಾಧಾರಣ ಮೊಬೈಲ್ ಫೋನಿನ ಬೆಲೆಗೆ ದೊರೆಯತೊಡಗಿರುವ ನಿಸ್ತಂತು ಹವಾಮಾನ ಕೇಂದ್ರಗಳ ಬಗ್ಗೆ ಎರಡು ಮಾತು ಬರೆಯುವುದು ಅಗತ್ಯವೆನಿಸಿದೆ. ಮನೆಯೊಳಗಿಡುವ ಒಂದು ಪರದೆ, ಹೊರಗೆ ನೆಡುವ ಒಂದು ಸಂವೇದಕ, ಇವೆರಡರ ನಡುವೆ ತಂತಿಯಿಲ್ಲದೆ ರೇಡಿಯೊ ಅಲೆಯ ಸಂಪರ್ಕ. ಹೊರಗಿನದು ಉಷ್ಣತೆ, ತೇವಾಂಶ, ಮಳೆ, ಗಾಳಿಗಳನ್ನು ಅಳೆದು ನಿಮಿಷಕ್ಕೊಮ್ಮೆಯಾದರೂ ಒಳಗಿನದಕ್ಕೆ ವರದಿ ಒಪ್ಪಿಸುತ್ತದೆ. ಅಗ್ಗದವುಗಳಲ್ಲಿ ಮಳೆಮಾಪಕವೇ ಇರುವುದಿಲ್ಲ. ಅಂಥದನ್ನು ಕೊಂಡು ನಮ್ಮ ರೈತನಿಗೆ ಆಗಬೇಕಾದುದೇನೂ ಇಲ್ಲ. ಅಮೆರಿಕದ ಮಾರುಕಟ್ಟೆಗೆಂದು 915 ಮೆಗಾಹರ್ಟ್ಸ್‌ನಲ್ಲಿ ಮಾಡಿದವುಗಳನ್ನೂ ಬಿಡುವುದು ಲೇಸು. ನಮ್ಮಲ್ಲಿ ಆ ಕಂಪನಾಂಕ ಮೊಬೈಲ್ ಫೋನುಗಳ ಪಾಲಿಗೆ ಹಂಚಿಹೋದ ಪಟ್ಟಿಯ ಅಂಚಿನಲ್ಲಿದೆ. 433 ಮೆಗಾಹರ್ಟ್ಸ್‌ನವು ಇಲ್ಲಿ ಸಾಮಾನ್ಯವಾಗಿ ಸಿಗುತ್ತವೆ.

ಮನೆಯಂಗಳದಲ್ಲಿ ಮಳೆ ಅಳೆಯುವುದು ಹೊಸ ಶೋಕಿಯೆಂದು ಯಾರೂ ಭಾವಿಸಬೇಕಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಉಗ್ರಾಣದ ಮುಂದೆ ಮಳೆ ಅಳೆಯುವ ಪಾತ್ರೆಯನ್ನಿಡುವ ವಿಧಿಯಿದೆ, ಯಾವ ಸೀಮೆಗೆ ಎಷ್ಟು ಮಳೆ ಸಾಕೆಂಬ ಲೆಕ್ಕವೂ ಇದೆ. ಅಷ್ಟು ದೂರ ಹೋಗುವುದೇಕೆ? ಕೊಡಗಿನ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಮಳೆಪುಸ್ತಕ ಬರೆದಿಡುವ ರೂಢಿಯಿದೆ. ಅವರು ಇಂದಿಗೂ ಮಳೆಯನ್ನು ಇಂಚು, ಸೆಂಟುಗಳಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದಿಂಚು, ಅಂದರೆ 25.4 ಮಿಲಿಮೀಟರ್. ಹೂಮಳೆ ಎಷ್ಟು ಸೆಂಟು ಬಿತ್ತೆಂಬುದರ ಮೇಲೆ ಆ ವರ್ಷದ ಕಾಫಿಯ ಫಸಲೇ ನಿಂತಿರುವುದರಿಂದ ಅಲ್ಲಿ ಲೆಕ್ಕ ತಪ್ಪುವಂತಿಲ್ಲ. ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಂಶೋಧಕರು ಕೊಡಗಿನ ಮಳೆ ಹೇಗೆ ಬದಲಾಗುತ್ತಿದೆಯೆಂದು ಅಭ್ಯಸಿಸಲು ಹೊರಟಾಗ ಅವರಿಗೆ ಒದಗಿಬಂದದ್ದು ತೋಟದ ಮನೆಗಳ ಈ ಹಳೆಯ ಪುಸ್ತಕಗಳೇ. ಸುಳ್ಯ ತಾಲ್ಲೂಕಿನ ಬಾಳಿಲದಲ್ಲಿ ಅಡಿಕೆ ಕೃಷಿಕರೊಬ್ಬರು 1976ರಿಂದ ದಿನಂಪ್ರತಿ ಮಳೆಯ ಲೆಕ್ಕವಿಟ್ಟು ನಾಡಿಗೇ ಪರಿಚಿತರಾಗಿದ್ದಾರೆ. ಮಳೆ ಸುರಿಯುವ ನಾಡಿನವರು ಇಷ್ಟು ಎಚ್ಚರವಾಗಿರುವಾಗ, ಒಂದೊಂದು ಹನಿಗೂ ಕಾಯುವ ನಮ್ಮ ಸೀಮೆಯಲ್ಲಿ ಅಂತಹ ಪುಸ್ತಕಗಳು ಇಷ್ಟು ವಿರಳವಾಗಿರುವುದು ಸೋಜಿಗವೇ ಸರಿ.

ಇನ್ನು ಉಪಕರಣವನ್ನು ನೆಡುವ ಮಾತು. ಎಡವುವುದು ಹೆಚ್ಚಾಗಿ ಇಲ್ಲಿಯೇ ಆದುದರಿಂದ ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ.

ಡಬ್ಬಿ ತೆರೆದೊಡನೆ ಕಂಬ ಹುಡುಕಬಾರದು. ಮೊದಲು ಹೊರಗಿನ ಸಂವೇದಕಕ್ಕೆ, ಆಮೇಲೆ ಪರದೆಗೆ ಬ್ಯಾಟರಿ ಹಾಕಿ, ಎರಡನ್ನೂ ಒಂದೇ ಮೇಜಿನ ಮೇಲೆ ಒಂದೆರಡು ಗಂಟೆ ಇಡಬೇಕು. ಪರಸ್ಪರ ಗುರುತು ಹಿಡಿಯಲು ಅವಕ್ಕೆ ಕೆಲವು ನಿಮಿಷ ಬೇಕಾಗುತ್ತದೆ. ಆ ಅವಧಿಯಲ್ಲಿ ಗುಂಡಿಗಳನ್ನು ಒತ್ತುತ್ತ ಕೂಡುವುದರಿಂದ ಕೆಲಸ ಕೆಡುತ್ತದೆಯೇ ಹೊರತು ಬೇಗನಾಗುವುದಿಲ್ಲ. ಒಳಗಿನ ಹೊರಗಿನ ಉಷ್ಣತೆಗಳೆರಡೂ ಒಂದು ಡಿಗ್ರಿಯೊಳಗೆ ಹೊಂದಿಕೊಂಡರೆ ಯಂತ್ರ ಸರಿಯಿದೆ ಎಂದು ತಿಳಿಯಬಹುದು. ಡಬ್ಬಿಯ ಮೇಲೆ ನೂರು ಮೀಟರ್ ದೂರ ಕೆಲಸ ಮಾಡುತ್ತದೆಂದು ಬರೆದಿದ್ದರೆ ಅದು ಬಟಾಬಯಲಿನ ಲೆಕ್ಕ. ಕಲ್ಲಿನ ಗೋಡೆ, ಕಬ್ಬಿಣದ ಬಾಗಿಲು, ತಗಡಿನ ಚಾವಣಿಗಳು ನಡುವೆ ಬಂದರೆ ಅದರಲ್ಲಿ ಕಾಲುಭಾಗ ಉಳಿದರೆ ಹೆಚ್ಚು. ಪರದೆಯನ್ನು ಹಿತ್ತಲ ಕಡೆಯ ಕಿಟಕಿಯ ಬಳಿಯಿಡುವುದು ಇದಕ್ಕೆ ಸುಲಭದ ಉಪಾಯ.

ಉಷ್ಣತೆಯನ್ನು ಅಳೆಯುವಾಗ ನಾವು ಅಳೆಯಬೇಕಾದುದು ಗಾಳಿಯ ಉಷ್ಣತೆಯನ್ನು. ಬಿಸಿಲು ನೇರವಾಗಿ ಬಿದ್ದ ಪ್ಲಾಸ್ಟಿಕ್ ಡಬ್ಬಿ ತನ್ನ ಮೈಯ ಕಾವನ್ನೇ ವರದಿ ಮಾಡುತ್ತದೆ. ತಗಡಿನ ಸೂರಿನಂಚಿಗೆ ಸಂವೇದಕವನ್ನು ಸಿಕ್ಕಿಸಿ, ಏಪ್ರಿಲ್ ತಿಂಗಳಲ್ಲಿ 46 ಡಿಗ್ರಿ ಬಂತೆಂದು ಊರಿಗೆಲ್ಲ ಸಾರಿದ ಮನೆಗಳನ್ನು ನಾವು ಬಲ್ಲೆವು. ಹವಾಮಾನ ಇಲಾಖೆಯವರು ಉಷ್ಣಮಾಪಕವನ್ನು ಬಿಳಿಯ ಬಣ್ಣದ, ಜಾಲಂದರದ ಪಟ್ಟಿಗಳ ಮರದ ಪೆಟ್ಟಿಗೆಯಲ್ಲಿ ಇಡುತ್ತ ಬಂದದ್ದು ಈ ಕಾರಣಕ್ಕೇ. ಮನೆಯ ಯಂತ್ರದ ಜೊತೆ ಅಂತಹ ಕವಚ ಬಂದಿರದಿದ್ದರೆ ಬಿಳಿಯ ಪ್ಲಾಸ್ಟಿಕ್ ತಟ್ಟೆಗಳನ್ನು ಬೋರಲು ಹಾಕಿ, ನಡುನಡುವೆ ಬೆರಳಗಲ ಸಂದು ಬಿಟ್ಟು, ಮೂರು ಉದ್ದನೆಯ ಬೋಲ್ಟುಗಳಿಂದ ಜೋಡಿಸಿ ಶಾಲಾ ಮಕ್ಕಳೇ ಒಂದನ್ನು ಮಾಡಿಕೊಳ್ಳಬಹುದು. ಮೇಲಿನ ಎರಡು ತಟ್ಟೆಗಳನ್ನು ಬಿಟ್ಟು ಉಳಿದವುಗಳ ನಡುಭಾಗವನ್ನು ಕತ್ತರಿಸಿ ತೆಗೆದರೆ ಸಂವೇದಕ ತೂಗಲು ಸ್ಥಳವಾಗುತ್ತದೆ. ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರ, ಕೆಳಗೆ ಹುಲ್ಲು ಅಥವಾ ಬರಿಮಣ್ಣು, ಗೋಡೆಯಿಂದಲೂ ಸಿಮೆಂಟ್ ಕಣದಿಂದಲೂ ಸಾಕಷ್ಟು ದೂರ: ಇಷ್ಟು ಸಾಕು.

ತೇವಾಂಶದ ಸಂವೇದಕ ವರ್ಷಗಳು ಕಳೆದಂತೆ ದಾರಿ ತಪ್ಪುತ್ತದೆ. ಅದನ್ನು ಪರೀಕ್ಷಿಸಲು ಅಡುಗೆಮನೆಯ ಉಪ್ಪು ಸಾಕೆಂಬುದು ವಿದ್ಯಾರ್ಥಿಗಳಿಗೆ ಸ್ವಾರಸ್ಯದ ವಿಷಯವಾದೀತು. ಒಂದು ಬಟ್ಟಲಿನಲ್ಲಿ ಉಪ್ಪಿಗೆ ಸ್ವಲ್ಪವೇ ನೀರು ಬೆರೆಸಿ, ಕರಗದ ಉಪ್ಪು ಇನ್ನೂ ಉಳಿದಿರುವ ಮುದ್ದೆಯಂತೆ ಮಾಡಿ, ಅದನ್ನೂ ಸಂವೇದಕವನ್ನೂ ಒಂದಕ್ಕೊಂದು ತಾಗದಂತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಬೇಕು. ಡಬ್ಬಿಯೊಳಗಿನ ಸಾಪೇಕ್ಷ ತೇವಾಂಶ ಶೇಕಡ 75ಕ್ಕೆ ಬಂದು ನಿಲ್ಲುತ್ತದೆ. ಯಂತ್ರ 81 ಎಂದರೆ ಅದು ಆರರಷ್ಟು ಹೆಚ್ಚು ಹೇಳುತ್ತಿದೆಯೆಂದು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟರಾಯಿತು.

ಮಳೆಮಾಪಕದ ಒಳಗೆ ಏತದಂತೆ ಅತ್ತಿತ್ತ ತೊನೆಯುವ ಒಂದು ಪುಟ್ಟ ಜೋಡಿ ಬಟ್ಟಲಿದೆ. ಒಂದು ಬಟ್ಟಲು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ವಾಲಿಕೆಗೆ 0.2 ಅಥವಾ 0.3 ಮಿಲಿಮೀಟರ್ ಎಂದು ಎಣಿಕೆ. ಯಂತ್ರ ಸರಿಯಾಗಿ ಎಣಿಸುತ್ತಿದೆಯೇ ಎಂದು ತಿಳಿಯಲು ಆಲಿಕೆಯ ಬಾಯಿಯ ವಿಸ್ತೀರ್ಣ ಗೊತ್ತಿದ್ದರೆ ಸಾಕು. ಬಾಯಿಯ ವ್ಯಾಸ 11 ಸೆಂಟಿಮೀಟರ್ ಇದ್ದರೆ ವಿಸ್ತೀರ್ಣ 95 ಚದರ ಸೆಂಟಿಮೀಟರ್. ಆಗ 95 ಮಿಲಿಲೀಟರ್ ನೀರನ್ನು ಅರ್ಧ ಗಂಟೆಯ ಅವಧಿಯಲ್ಲಿ ತೊಟ್ಟುತೊಟ್ಟಾಗಿ ಸುರಿದರೆ ಪರದೆಯಲ್ಲಿ 10 ಮಿಲಿಮೀಟರ್ ಕಾಣಬೇಕು. ಒಮ್ಮೆಲೇ ಸುರಿದರೆ ಬಟ್ಟಲು ವಾಲುವಷ್ಟರಲ್ಲಿ ನೀರು ಲೆಕ್ಕಕ್ಕೆ ಸಿಗದೆ ಹರಿದುಹೋಗುತ್ತದೆ. ಜಡಿಮಳೆಯಲ್ಲಿಯೂ ಹೀಗೆಯೇ ಆಗಿ ಯಂತ್ರ ಸ್ವಲ್ಪ ಕಡಿಮೆ ತೋರಿಸುವುದುಂಟು. ಆದುದರಿಂದ ಪಕ್ಕದಲ್ಲೊಂದು ನೇರ ಗೋಡೆಯ, ಚಪ್ಪಟೆ ತಳದ ಡಬ್ಬಿಯನ್ನೂ ಇಟ್ಟುಕೊಳ್ಳಿ. ಅದರ ಬಾಯಿ ಎಷ್ಟೇ ಅಗಲವಿರಲಿ, ನಿಂತ ನೀರಿನ ಆಳವನ್ನು ಅಳತೆಪಟ್ಟಿಯಿಂದ ನೋಡಿದರೆ ಅದೇ ಮಳೆಯ ಪ್ರಮಾಣ. ಇಲಾಖೆಯ ಮಾಪಕದ ಬಾಯಿ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಮನೆಯದನ್ನು ತಾರಸಿಯ ಮೇಲೆ ಇಟ್ಟರೆ ಗಾಳಿಯ ಸುಳಿಗೆ ಹನಿಗಳು ಹಾರಿಹೋಗುತ್ತವೆ. ಹತ್ತಿರದ ಮರವಾಗಲಿ ಮನೆಯಾಗಲಿ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟಾದರೂ ದೂರ ಬಿಡಬೇಕು. ನಲವತ್ತು ಅಡಿಯ ತೆಂಗಿನ ಮರಕ್ಕೆ ಎಂಬತ್ತು ಅಡಿ.

ಆಲಿಕೆಯಲ್ಲಿ ಧೂಳು, ಎಲೆ, ಹಕ್ಕಿಯ ಹಿಕ್ಕೆ, ಒಳಗಡೆ ಜೇಡರ ಬಲೆ, ಇರುವೆಯ ಗೂಡು ಇವೆಲ್ಲ ಮಳೆಯಿಲ್ಲದ ತಿಂಗಳುಗಳಲ್ಲಿ ತಪ್ಪದೆ ಸೇರುತ್ತವೆ. ಮೊದಲ ಗುಡುಗಿಗೆ ಮುನ್ನ ತೊಳೆಯದಿದ್ದರೆ ಮೊದಲ ಮಳೆಯೇ ಲೆಕ್ಕ ತಪ್ಪುತ್ತದೆ. ಕಾಡಂಚಿನ ಊರುಗಳಲ್ಲಿ ಕೋತಿಗಳ ಕಾಟ ಬೇರೆ. ತಿರುಗುವ ಗಾಳಿಬಟ್ಟಲು ಅವಕ್ಕೆ ಅತಿ ಪ್ರಿಯವಾದ ಆಟಿಕೆ. ಗಾಳಿಯ ಅಳತೆಗೆ ಹತ್ತು ಮೀಟರ್ ಎತ್ತರದ ಕಂಬ ಬೇಕೆಂಬುದು ನಿಯಮ, ಮನೆಯವರಿಗೆ ಅದು ಸಾಧ್ಯವೂ ಅಲ್ಲ, ಸಿಡಿಲಿನ ಈ ಸೀಮೆಯಲ್ಲಿ ಕ್ಷೇಮವೂ ಅಲ್ಲ. ಔಷಧಿ ಸಿಂಪಡಿಸಬಹುದೇ ಬೇಡವೇ ಎಂದು ತಿಳಿಯುವಷ್ಟಕ್ಕೆ ತಗ್ಗಿನ ಮಾಪಕವೇ ಸಾಕು.

ಪರದೆಯ ಮೇಲೆ ಸೂರ್ಯ, ಮೋಡ, ಹನಿಗಳ ಚಿತ್ರ ಬರುತ್ತದಲ್ಲ, ಅದರ ಬಗ್ಗೆ ಎಚ್ಚರಿಕೆಯ ಒಂದು ಮಾತು. ಕೊಳ್ಳುವವರನ್ನು ಹೆಚ್ಚು ಸೆಳೆಯುವುದೂ ಅದೇ, ಹೆಚ್ಚು ದಾರಿ ತಪ್ಪಿಸುವುದೂ ಅದೇ. ಯಂತ್ರಕ್ಕೆ ಮುಗಿಲು ಕಾಣುವುದಿಲ್ಲ. ಅದು ವಾಯುಭಾರ ಏರಿತೋ ಇಳಿಯಿತೋ ಎಂಬುದನ್ನಷ್ಟೇ ನೋಡಿ ಚಿತ್ರ ಬದಲಿಸುತ್ತದೆ. ಯುರೋಪಿನಂತಹ ಸಮಶೀತೋಷ್ಣ ನಾಡುಗಳಲ್ಲಿ ಕೆಲವೇ ಗಂಟೆಗಳಲ್ಲಿ ವಾಯುಭಾರ ಮೂರು ನಾಲ್ಕು ಹೆಕ್ಟೋಪಾಸ್ಕಲ್ ಇಳಿದರೆ ಮಳೆ ಬರುವ ಸೂಚನೆಯೆಂದು ಹಿಡಿಯಬಹುದು. ಉಷ್ಣವಲಯದಲ್ಲಾದರೋ ಆಕಾಶ ನಿರ್ಮಲವಾಗಿದ್ದರೂ ವಾಯುಭಾರಕ್ಕೆ ಕಡಲಿನಂತೆ ದಿನಕ್ಕೆರಡು ಭರತ ಇಳಿತಗಳುಂಟು: ಬೆಳಿಗ್ಗೆ ಹತ್ತರ ಸುಮಾರಿಗೂ ರಾತ್ರಿ ಹತ್ತರ ಸುಮಾರಿಗೂ ಏರು, ಬೆಳಗಿನ ಜಾವ ನಾಲ್ಕಕ್ಕೂ ಸಂಜೆ ನಾಲ್ಕಕ್ಕೂ ಇಳಿವು. ಆದುದರಿಂದ ದೂರದೇಶದ ಲೆಕ್ಕ ತುಂಬಿದ ಯಂತ್ರ ನಮ್ಮಲ್ಲಿ ಫೆಬ್ರವರಿಯ ಬಿರುಬಿಸಿಲಿನ ಸಂಜೆಯಲ್ಲೂ ಹನಿಯ ಚಿತ್ರ ತೋರಿಸೀತು. ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿರುವ ಗುಂಡ್ಲುಪೇಟೆಯಲ್ಲಿ ವಾಯುಭಾರ ಸಹಜವಾಗಿಯೇ 920 ಹೆಕ್ಟೋಪಾಸ್ಕಲ್ ಆಸುಪಾಸಿನಲ್ಲಿರುತ್ತದೆ. ಯಂತ್ರಕ್ಕೆ ಊರಿನ ಎತ್ತರವನ್ನು ತಿಳಿಸದಿದ್ದರೆ ಅದು ಚಂಡಮಾರುತದ ನಡುವೆ ಇದ್ದೇನೆಂದು ಭ್ರಮಿಸಿದರೂ ಆಶ್ಚರ್ಯವಿಲ್ಲ. ಮುನ್ಸೂಚನೆ ಬೇಕಾದವರು ರಾಜ್ಯ ಕೇಂದ್ರದ ವರುಣಮಿತ್ರ ಸಹಾಯವಾಣಿಯನ್ನು ಕೇಳಲಿ. ಮನೆಯ ಯಂತ್ರದಿಂದ, ಆಗಿಹೋದದ್ದರ ನಿಜವಾದ ಲೆಕ್ಕವನ್ನಷ್ಟೇ ಪಡೆಯೋಣ.

ಆ ಲೆಕ್ಕದಲ್ಲಿಯೂ ಒಂದು ತೊಡಕಿದೆ, ಸಭೆಗಳಲ್ಲಿ ವಾದಕ್ಕೆ ನಿಂತವರು ಇದನ್ನು ತಿಳಿದಿರಲೇಬೇಕು. ಸರಕಾರಿ ಲೆಕ್ಕದಲ್ಲಿ ಮಳೆಯ ದಿನ ಮುಗಿಯುವುದು ಬೆಳಿಗ್ಗೆ ಎಂಟೂವರೆಗೆ. ಮೇ 5ರ ಸಂಜೆ ಬಿದ್ದ ಮಳೆ ಹವಾಮಾನ ಇಲಾಖೆಯ ಪುಸ್ತಕದಲ್ಲಿ ಮೇ 6ರ ಮಳೆಯೆಂದು ದಾಖಲಾಗುತ್ತದೆ. ಮನೆಯ ಪರದೆಯೋ ನಡುರಾತ್ರಿಗೆ ಸೊನ್ನೆಗೆ ಮರಳಿ, ಅದನ್ನು 5ರ ಖಾತೆಗೇ ಹಾಕುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ನಮ್ಮೂರಿನಲ್ಲಿ ಮಳೆ ಬಂದ ದಿನ ಸರಕಾರ ಸೊನ್ನೆ ಬರೆದಿದೆಯೆಂದು ಕೂಗಾಡಿದರೆ ನಗೆಗೀಡಾಗುವವರು ನಾವೇ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಪರದೆಯ ಒಟ್ಟು ಮೊತ್ತವನ್ನು ನೋಡಿ, ಹಿಂದಿನ ದಿನದ ಮೊತ್ತವನ್ನು ಕಳೆದು ಬರೆಯುವುದೇ ಸರಿಯಾದ ಕ್ರಮ. ಮಳೆ ಬರದ ದಿನ ಜಾಗವನ್ನು ಖಾಲಿ ಬಿಡದೆ ಸೊನ್ನೆಯನ್ನೇ ಬರೆಯಬೇಕು. ಖಾಲಿ ಜಾಗಕ್ಕೆ ಮಳೆ ಬರಲಿಲ್ಲವೆಂದೂ ಅರ್ಥ, ಬರೆಯುವವರು ನೆಂಟರ ಮನೆಗೆ ಹೋಗಿದ್ದರೆಂದೂ ಅರ್ಥ. ಬರಗಾಲದ ಸಾಕ್ಷಿಯಿರುವುದು ಸಾಲುಗಟ್ಟಿದ ಸೊನ್ನೆಗಳಲ್ಲಿ. 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದ ದಿನವನ್ನಷ್ಟೇ ಇಲಾಖೆ ಮಳೆದಿನವೆಂದು ಎಣಿಸುತ್ತದೆ, ಇದೂ ನೆನಪಿರಲಿ.

ಇಷ್ಟೆಲ್ಲ ಮಾಡಿದರೂ ಮನೆಯ ಯಂತ್ರದ ಅಂಕಿಯನ್ನು ವಿಮೆಯ ಕಂಪನಿ ಪರಿಹಾರದ ಆಧಾರವಾಗಿ ಒಪ್ಪುವುದಿಲ್ಲ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಆದರೆ ಒಂದೇ ಪಂಚಾಯಿತಿಯ ಐದು ಹಳ್ಳಿಗಳಲ್ಲಿ ಐದು ಮನೆಗಳು ಒಂದೇ ಕ್ರಮದಲ್ಲಿ ಎರಡು ವರ್ಷ ಬರೆದಿಟ್ಟರೆ, ಆ ಪಂಚಾಯಿತಿಯ ಮಾಪಕ ಯಾವ ಊರಿನ ಪರವಾಗಿ ಮಾತನಾಡುತ್ತಿದೆ, ಯಾವ ಊರಿನ ಪರವಾಗಿ ಇಲ್ಲ ಎಂಬುದು ಹೊರಬೀಳುತ್ತದೆ. ಇನ್ನೊಂದು ಮಾಪಕ ಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿ ಕಳುಹಿಸುವಾಗ ಅರ್ಜಿಯ ಜೊತೆ ಲಗತ್ತಿಸಲು ಕೈಯಲ್ಲೊಂದು ಕಾಗದವಿರುತ್ತದೆ. ಈವರೆಗೆ ಮಳೆಯ ವಿಷಯದಲ್ಲಿ ನಾವು ಕೊಟ್ಟ ಅರ್ಜಿಗಳಲ್ಲಿ ಗೋಳು ಇತ್ತು, ಅಂಕಿ ಇರಲಿಲ್ಲ.

ಹೊಲದ ಉಪಯೋಗವಂತೂ ಮೊದಲ ವರ್ಷವೇ ಕಾಣುತ್ತದೆ. ಒಂದು ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರ್, ಎಕರೆಗೆ ನಾಲ್ಕು ಸಾವಿರ ಲೀಟರಿಗೂ ಮಿಗಿಲು. ರಾತ್ರಿ 12 ಮಿಲಿಮೀಟರ್ ಬಿದ್ದಿದ್ದರೆ ಎಕರೆ ಅರಿಶಿನಕ್ಕೆ 48 ಸಾವಿರ ಲೀಟರ್ ನೀರು ಬಿಟ್ಟಂತಾಯಿತು. ಗಂಟೆಗೆ ಐದು ಸಾವಿರ ಲೀಟರ್ ಎತ್ತುವ ಕೊಳವೆಬಾವಿ ಹತ್ತಿರ ಹತ್ತು ಗಂಟೆ ಓಡಿ ಮಾಡಬೇಕಾದ ಕೆಲಸವದು. ಅಂತರ್ಜಲ ಬರಿದಾಗುತ್ತಿರುವ ತಾಲ್ಲೂಕಿನಲ್ಲಿ ಮಳೆ ಬಂದ ಮರುದಿನವೂ ವಿದ್ಯುತ್ ಬಂತೆಂದು ಪಂಪು ಹಾಕುವುದು ಅಳತೆಯಿಲ್ಲದ ಬೇಸಾಯದ ಫಲ. ಟೊಮೆಟೊಗೆ ತಗಲುವ ಅಂಗಮಾರಿ ರೋಗ ತಂಪಾದ, ತೇವ ತುಂಬಿದ ರಾತ್ರಿಗಳನ್ನು ಕಾಯುತ್ತಿರುತ್ತದೆ. ತೇವಾಂಶ ಶೇಕಡ 90ನ್ನು ಮೀರಿ ಎಷ್ಟು ಗಂಟೆ ನಿಂತಿತ್ತೆಂದು ಬೆಳಿಗ್ಗೆ ನೋಡಬಲ್ಲವನು ಅಂಗಡಿಯವನು ಹೇಳಿದ ವಾರಕ್ಕೊಂದರ ಲೆಕ್ಕದಲ್ಲಿ ಔಷಧಿ ಹೊಡೆಯಬೇಕಾಗಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ, ಗೋಪಾಲಸ್ವಾಮಿ ಬೆಟ್ಟದ ಕಾಡು ಉರಿದುದನ್ನು ಕಂಡವರು ಅದೇ ತೇವಾಂಶದ ಅಂಕಿ ಮಾಘ ಫಾಲ್ಗುಣದ ಮಧ್ಯಾಹ್ನಗಳಲ್ಲಿ ಎಲ್ಲಿಗಿಳಿಯುತ್ತದೆಂದೂ ಗಮನಿಸಬೇಕು.

ಪುಸ್ತಕದಲ್ಲಿ ತಾರೀಖಿನ ಪಕ್ಕ ಮಳೆನಕ್ಷತ್ರದ ಹೆಸರಿಗೂ ಒಂದು ಅಂಕಣವಿರಲಿ ಎಂಬುದು ನಮ್ಮ ಸಲಹೆ. ಭರಣಿ, ಕೃತ್ತಿಕೆ, ರೋಹಿಣಿಗಳ ಬಗ್ಗೆ ಹಿರಿಯರು ಹೇಳುವ ಮಾತುಗಳನ್ನು ವಿಜ್ಞಾನದ ಹೆಸರಿನಲ್ಲಿ ತಳ್ಳಿಹಾಕುವುದೂ ಸಲ್ಲದು, ಭಕ್ತಿಯಿಂದ ಒಪ್ಪುವುದೂ ಸಲ್ಲದು. ಹದಿಮೂರು ಹದಿನಾಲ್ಕು ದಿನಗಳ ಆ ವಿಭಾಗ ಬಿತ್ತನೆಯ ಯೋಜನೆಗೆ ತಿಂಗಳಿಗಿಂತ ಹೆಚ್ಚು ಅನುಕೂಲವಾದದ್ದು. ಯಾವ ಮಳೆ ಎಷ್ಟು ವರ್ಷಕ್ಕೊಮ್ಮೆ ಕೈಕೊಡುತ್ತದೆಂಬುದನ್ನು ನಮ್ಮದೇ ಅಂಕಿಗಳಿಂದ ಹೇಳಲು ಸಾಧ್ಯವಾದರೆ ಅಜ್ಜಂದಿರಿಗೂ ಮೊಮ್ಮಕ್ಕಳಿಗೂ ಮಾತನಾಡಲು ಒಂದು ವಿಷಯ ಸಿಕ್ಕಂತಾಗುತ್ತದೆ. ವಾಡಿಕೆ ಮಳೆಯೆಂದು ಹವಾಮಾನ ಶಾಸ್ತ್ರ ಕರೆಯುವುದಕ್ಕೆ ಮೂವತ್ತು ವರ್ಷಗಳ ದಾಖಲೆ ಬೇಕು. ಈ ವರ್ಷ ಒಂಬತ್ತನೆಯ ತರಗತಿಯಲ್ಲಿರುವ ಹುಡುಗಿ ಬರೆಯತೊಡಗಿದರೆ ಅವಳ ನಲವತ್ತನಾಲ್ಕನೆಯ ವಯಸ್ಸಿಗೆ ತನ್ನ ಊರಿನ ವಾಡಿಕೆ ಮಳೆ ಎಷ್ಟೆಂದು ಯಾರನ್ನೂ ಕೇಳದೆ ಹೇಳಬಲ್ಲಳು.

ಯಂತ್ರ ಕೊಳ್ಳಲಾಗದ ಮನೆಗಳು ಚಪ್ಪಟೆ ತಳದ ಡಬ್ಬಿಯಿಂದಲೇ ಪ್ರಾರಂಭಿಸಬಹುದು; ಪುಸ್ತಕ ಬರೆಯುವ ಕ್ರಮ ಎರಡಕ್ಕೂ ಒಂದೇ. ಶಾಲೆಗಳು ಯಂತ್ರವನ್ನು ಕೊಂಡು, ಸುತ್ತಲ ಮನೆಗಳ ಡಬ್ಬಿಗಳ ಲೆಕ್ಕವನ್ನು ಅದರೊಡನೆ ಹೋಲಿಸಿ ನೋಡಿದರೆ ಇನ್ನೂ ಒಳ್ಳೆಯದು. ಏಪ್ರಿಲ್ 27ರ ಸುಮಾರಿಗೆ ಭರಣಿ ಹುಟ್ಟುತ್ತದೆ. ಅದಕ್ಕೆ ಮುಂಚೆ ಕಂಬ ನೆಟ್ಟು, ಆಲಿಕೆ ತೊಳೆದು, ಉಪ್ಪಿನ ಪರೀಕ್ಷೆ ಮುಗಿಸಿರಬೇಕು. ಬಳಗದ ಮಾಸಿಕ ಸಭೆಗೆ ಬರುವವರು ತಮ್ಮ ತಮ್ಮ ಪುಸ್ತಕ ತಂದರೆ, ಒಂದು ಊರಿನದನ್ನು ಇನ್ನೊಂದು ಊರಿನವರು ನೋಡಿ ಸಹಿ ಹಾಕುವ ಏರ್ಪಾಡು ಮಾಡೋಣ.